ಮಾಳಿಗೆ ಏರುವವರಿಗೆ ಸುರಕ್ಷತಾ ಪಟ್ಟಿ

ದೇವದುರ್ಗದ ಮಾಳಿಗೆಮನೆಗಳಲ್ಲಿ ನೀರಿನ ತೊಟ್ಟಿ ತೊಳೆಯುವುದಕ್ಕೋ ಸೌರಫಲಕ ಒರೆಸುವುದಕ್ಕೋ ವರ್ಷದಲ್ಲಿ ನಾಲ್ಕಾರು ಸಲ ಮೇಲೇರಬೇಕಾಗುತ್ತದೆ. ಅದಕ್ಕೆಂದು ಪಟ್ಟಿ ಕೊಳ್ಳುವವರು ಬರಿಯ ಸೊಂಟದ ಬೆಲ್ಟಿಗೆ ಮರುಳಾಗಬಾರದು. ಬಿದ್ದಾಗ ಅದು ಹೊಟ್ಟೆ ಬೆನ್ನುಗಳನ್ನೇ ಘಾಸಿಗೊಳಿಸೀತು. ಭುಜ, ಎದೆ, ತೊಡೆಗಳನ್ನು ಬಳಸಿ ಬರುವ, ಬೆನ್ನಿನಲ್ಲಿ ಉಕ್ಕಿನ ಬಳೆಯುಳ್ಳ, ಐ.ಎಸ್. 3521 ಗುರುತಿನ ಪಟ್ಟಿಯೇ ಯೋಗ್ಯ. ಎದೆಯ ಮುಂದೆಯೂ ಬಳೆಯಿದ್ದರೆ ಹಲವು ಕೆಲಸಕ್ಕೆ ಒದಗುತ್ತದೆ.

ಆದರೆ ಪಟ್ಟಿಗಿಂತ ಹಗ್ಗದ ವಿಚಾರ ದೊಡ್ಡದು. ಆಘಾತ ತಗ್ಗಿಸುವ ಆರಡಿ ಹಗ್ಗ ಬೀಳುವವನನ್ನು ಹಿಡಿದು ನಿಲ್ಲಿಸಲು ಕೆಳಗೆ ಸುಮಾರು 20 ಅಡಿ ತೆರವು ಬೇಕು. ಒಂದಂತಸ್ತಿನ ಮಾಳಿಗೆಯ ಎತ್ತರವೋ 11–12 ಅಡಿ! ಹಗ್ಗ ತಡೆಯುವ ಮೊದಲೇ ನೆಲ ಸಿಕ್ಕಿರುತ್ತದೆ. ಇಲ್ಲಿ ಬೇಕಾದದ್ದು ಅಂಚನ್ನೇ ಮುಟ್ಟಗೊಡದಷ್ಟು ಗಿಡ್ಡ ಹಗ್ಗ. ಅದನ್ನು ಗಟ್ಟಿ ಕಾಂಕ್ರೀಟ್ ಕಂಬಕ್ಕೆ ಬಿಗಿಯಬೇಕು, ಕುಂಬಿಗಾಗಲಿ ನಳದ ಕೊಳವೆಗಾಗಲಿ ಅಲ್ಲ. ಕೆಲಸ ಮುಗಿದ ಮೇಲೆ ಪಟ್ಟಿಯನ್ನು ಮಾಳಿಗೆಯಲ್ಲೇ ಬಿಟ್ಟುಬರಬಾರದು. ರಾಯಚೂರು ಸೀಮೆಯ ಬಿಸಿಲು ಅದರ ನೂಲನ್ನು ತಿನ್ನುತ್ತದೆ.