ಸೆಕೆಂಡ್ ಹ್ಯಾಂಡ್ ಡೀಸೆಲ್ ಬೋಟ್: ಪೇಂಟ್ ನೋಡಿ ಅಡ್ವಾನ್ಸ್ ಕೊಡುವ ಮೊದಲು ಇಂಜಿನ್ ಮುಟ್ಟಿ ನೋಡಿ

ತ್ಯಾವರೆಕೊಪ್ಪ: ಹುಲಿ–ಸಿಂಹಧಾಮದ ಮುಂದೆ ಸಾಗರ ರಸ್ತೆಯಲ್ಲಿ ವೀಕೆಂಡ್ ಬಂದರೆ ಸಾಲುಗಟ್ಟುವ ಕಾರುಗಳ ಪೈಕಿ ಬಹಳಷ್ಟರ ಮುಂದಿನ ಸ್ಟಾಪ್ ಜೋಗ, ಇಲ್ಲವೇ ಸಿಗಂದೂರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಹೊಳೆಬಾಗಿಲಿನಲ್ಲಿ ಲಾಂಚ್‌ಗಾಗಿ ಗಂಟೆಗಟ್ಟಲೆ ಕಾಯುವ ಪರಿಸ್ಥಿತಿ ತಪ್ಪಿತು. ಆದರೆ ನೀರಿನ ಮೇಲೆ ಒಂದು ಸುತ್ತು ಹೋಗಬೇಕು ಅನ್ನುವ ಪ್ರವಾಸಿಗರ ಆಸೆ ಮಾತ್ರ ತಪ್ಪಿಲ್ಲ. ಶರಾವತಿ, ತುಂಗಾ, ಭದ್ರಾ ಅಂತ ಮೂರು ದೊಡ್ಡ ಹಿನ್ನೀರು ಸುತ್ತಮುತ್ತಲೇ ಇರುವಾಗ ಮೋಟಾರ್ ಬೋಟ್ ಹಾಕೋಣ ಅನ್ನುವ ಲೆಕ್ಕಾಚಾರ ಹುಟ್ಟೋದು ಸಹಜ.

ಹೊಸ ಬೋಟ್ ದುಬಾರಿ. ಹಾಗಾಗಿ ಕಣ್ಣು ಹೋಗೋದು ಘಟ್ಟದ ಕೆಳಗೆ. ಹೊನ್ನಾವರ, ತದಡಿ, ಗಂಗೊಳ್ಳಿ, ಮಲ್ಪೆ ಕಡೆ ಮೀನುಗಾರಿಕೆಯಲ್ಲಿ ದುಡಿದ ಬೋಟ್‌ಗಳು, ಬಿಚ್ಚಿಟ್ಟ ಇಂಜಿನ್‌ಗಳು ಕೈಬದಲಾಗುತ್ತವೆ. ಹೊಸದಾಗಿ ಬಣ್ಣ ಬಳಿದ ಬೋಟ್, "ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ ನೋಡಿ" ಎನ್ನುವ ಮಾತು, ಅಡ್ವಾನ್ಸ್. ವ್ಯಾಪಾರ ಕೆಡೋದು ಬಹುತೇಕ ಇಲ್ಲೇ.

ಇಂಜಿನ್ ಕೆಟ್ಟರೆ ಏನಾಗುತ್ತೆ ಅನ್ನೋದಕ್ಕೆ ತ್ಯಾವರೆಕೊಪ್ಪದ್ದೇ ಹೋಲಿಕೆ ಸಾಕು. ಸಫಾರಿ ವಾಹನ ಹುಲಿ ಇರುವ ಜಾಗದಲ್ಲಿ ಕೆಟ್ಟು ನಿಂತರೆ ಕಿಟಕಿ ಹಾಕಿಕೊಂಡು ಇನ್ನೊಂದು ಗಾಡಿ ಬರುವ ತನಕ ಕೂತಿರಬಹುದು. ಗಾಡಿ ನಿಂತಲ್ಲೇ ನಿಂತಿರುತ್ತೆ. ಬೋಟ್ ನಿಲ್ಲಲ್ಲ. ಗಾಳಿ ಎತ್ತ ತಳ್ಳಿತೋ ಅತ್ತ ಅಡ್ಡಡ್ಡ ತೇಲುತ್ತೆ. ಲಿಂಗನಮಕ್ಕಿ 1964ರಲ್ಲಿ ತುಂಬಿದಾಗ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಇವತ್ತಿಗೂ ಹಿನ್ನೀರಿನ ತಳದಲ್ಲಿವೆ. ಬೇಸಿಗೆ ಕೊನೆಗೆ ನೀರು ಇಳಿದಾಗ ಅವು ಮೇಲೆ ಕಾಣುತ್ತವೆ. ಮಳೆಗಾಲದಲ್ಲಿ ಕಾಣಲ್ಲ, ಆದರೆ ಇರುತ್ತವೆ.

ಲಾರಿ ಇಂಜಿನ್ ಬೇರೆ, ಬೋಟ್ ಕೆಲಸ ಬೇರೆ

ಕರಾವಳಿಯ ಎಷ್ಟೋ ಬೋಟ್‌ಗಳಲ್ಲಿ ಇರೋದು ಲಾರಿಯ ಡೀಸೆಲ್ ಇಂಜಿನ್ ಅನ್ನೇ ನೀರಿಗೆ ಹೊಂದಿಸಿದ್ದು. ಇದರಲ್ಲಿ ತಪ್ಪೇನಿಲ್ಲ, ಒಂದು ಲಾಭವೂ ಇದೆ. ರಿಂಗ್, ಗ್ಯಾಸ್ಕೆಟ್, ನಾಝಲ್ ಬೇಕಾದರೆ ಶಿವಮೊಗ್ಗದಲ್ಲೇ ಹುಡುಕಬಹುದು. ವಿದೇಶಿ ಮರೀನ್ ಇಂಜಿನ್ ಆದರೆ ಒಂದು ಚಿಕ್ಕ ಸೀಲ್‌ಗೂ ವಾರಗಟ್ಟಲೆ ಕಾಯಬೇಕಾಗಬಹುದು. ಸೀಸನ್ ಇರೋದೇ ಕೆಲವು ತಿಂಗಳು ಅನ್ನುವವರಿಗೆ ಅದು ಸಣ್ಣ ವಿಷಯ ಅಲ್ಲ.

ಆದರೆ ದುಡಿಮೆ ಬೇರೆ. ಲಾರಿ ಇಂಜಿನ್‌ಗೆ ಇಳಿಜಾರಿನಲ್ಲಿ, ಸಿಗ್ನಲ್‌ನಲ್ಲಿ ಉಸಿರಾಡಲು ಪುರುಸೊತ್ತು ಸಿಗುತ್ತೆ. ಬೋಟ್ ಇಂಜಿನ್‌ಗೆ ಅದಿಲ್ಲ. ಪ್ರೊಪೆಲ್ಲರ್ ಸದಾ ನೀರನ್ನು ತಳ್ಳುತ್ತಲೇ ಇರಬೇಕು. ಆಗುಂಬೆ ಘಾಟಿಯನ್ನು ಲೋಡ್ ಹಾಕಿಕೊಂಡು ಮೂರು ಗಂಟೆ ಹತ್ತುತ್ತಲೇ ಇದ್ದ ಹಾಗೆ.

ಇಲ್ಲೊಂದು ಲೆಕ್ಕ ತಿಳಿದಿರಬೇಕು. ಪ್ರೊಪೆಲ್ಲರ್ ತಿರುಗಿಸಲು ಬೇಕಾದ ಶಕ್ತಿ ಆರ್‌ಪಿಎಂನ ಘನಕ್ಕೆ ತಕ್ಕಂತೆ ಏರುತ್ತೆ. ಅಂದ್ರೆ ಅರ್ಧ ಆರ್‌ಪಿಎಂನಲ್ಲಿ ಹೋಗುವ ಬೋಟ್‌ಗೆ ಪೂರ್ತಿ ಶಕ್ತಿಯ ಎಂಟನೇ ಒಂದು ಭಾಗ ಸಾಕು. ದಡದ ಹತ್ತಿರ ಮೆಲ್ಲಗೆ ಒಂದು ರೌಂಡ್ ಹೊಡೆಸಿ "ನೋಡಿದ್ರಲ್ಲ, ಎಷ್ಟು ಸ್ಮೂತ್" ಅಂದರೆ ಅದರಿಂದ ಏನೂ ಗೊತ್ತಾಗಲ್ಲ. ಅರ್ಧ ಸತ್ತ ಇಂಜಿನ್ ಕೂಡ ಆ ಪರೀಕ್ಷೆ ಪಾಸಾಗುತ್ತೆ.

ತಣ್ಣಗಿದೆಯಾ? ಮೊದಲು ಕೈ ಇಟ್ಟು ನೋಡಿ

ನೋಡಲು ಬರುತ್ತೇವೆ ಅಂತ ಫೋನ್ ಮಾಡುವಾಗಲೇ "ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಬೇಕು. ಹೋದ ತಕ್ಷಣ ಇಂಜಿನ್ ಬ್ಲಾಕ್ ಮೇಲೆ ಕೈ ಇಡಬೇಕು. ಬೆಚ್ಚಗಿದ್ದರೆ ಯಾಕೆ ಅಂತ ಕೇಳಲೇಬೇಕು. ಕಂಪ್ರೆಶನ್ ಕಡಿಮೆಯಾದ ಡೀಸೆಲ್ ಇಂಜಿನ್ ಬಿಸಿ ಇದ್ದಾಗ ಒಳ್ಳೆ ಹುಡುಗನ ಹಾಗೆ ಸ್ಟಾರ್ಟ್ ಆಗುತ್ತೆ, ತಣ್ಣಗಿದ್ದಾಗ ಮಾತ್ರ ಸತಾಯಿಸುತ್ತೆ.

ಸ್ಟಾರ್ಟ್ ಆದ ಮೇಲೆ ಹೊಗೆ. ಮಲೆನಾಡಿನ ಚಳಿಯ ಬೆಳಗ್ಗೆ ಮೊದಲ ಒಂದೆರಡು ನಿಮಿಷ ಬಿಳಿ ಹೊಗೆ ಬಂದರೆ ಗಾಬರಿ ಬೇಡ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಅಥವಾ ಹೆಡ್ ಗ್ಯಾಸ್ಕೆಟ್ ಮೂಲಕ ನೀರು ಒಳಗೆ ಹೋಗುತ್ತಿದೆ ಎಂದರ್ಥ. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ, ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ. ಕಪ್ಪು ಹೊಗೆ ಸ್ವಲ್ಪ ಗೋಜಲಿನದು. ಏರ್ ಫಿಲ್ಟರ್ ಕಟ್ಟಿರಬಹುದು, ನಾಝಲ್ ಹಾಳಾಗಿರಬಹುದು. ಇಂಜಿನ್ ಸರಿಯಿದ್ದೂ ಪ್ರೊಪೆಲ್ಲರ್ ಅಳತೆ ದೊಡ್ಡದಾಗಿದ್ದರೆ, ಬೋಟ್ ತಳಕ್ಕೆ ಕಸ ಕಟ್ಟಿದ್ದರೆ ಕೂಡ ಕಪ್ಪು ಹೊಗೆ ಬರುತ್ತೆ. ಈ ಒಂದು ಕಾರಣಕ್ಕೆ ಕಪ್ಪು ಹೊಗೆ ನೋಡಿ ವ್ಯಾಪಾರ ಬಿಟ್ಟು ಬರಬೇಕಿಲ್ಲ. ರೇಟ್ ಇಳಿಸಿ ಕೇಳಬಹುದು.

ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಸ್ವಲ್ಪ ಸಡಿಲಿಸಿ ನೋಡೋದು ಹಳೇ ಮೆಕ್ಯಾನಿಕ್‌ಗಳ ಅಭ್ಯಾಸ. ಅಲ್ಲಿಂದ ಹೊಗೆ ಭುಸುಭುಸು ಅಂತ ಒತ್ತಿಕೊಂಡು ಬಂದರೆ ಗ್ಯಾಸ್ ಪಿಸ್ಟನ್ ದಾಟಿ ಕೆಳಗೆ ಇಳಿಯುತ್ತಿದೆ. ಅಂಥ ಇಂಜಿನ್‌ಗೆ ಓವರ್‌ಹಾಲ್ ಖರ್ಚು ಸೇರಿಸಿಯೇ ಬೆಲೆ ಲೆಕ್ಕ ಹಾಕಬೇಕು. ಡಿಪ್‌ಸ್ಟಿಕ್ ನೋಡಿದಾಗ ಆಯಿಲ್ ಕಪ್ಪಗಿದೆ ಅಂತ ಬೇಸರ ಬೇಡ, ಡೀಸೆಲ್ ಇಂಜಿನ್‌ನಲ್ಲಿ ಆಯಿಲ್ ಬೇಗ ಕಪ್ಪಾಗುತ್ತೆ. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ. ಲೆವೆಲ್ ಮಾರ್ಕ್‌ಗಿಂತ ಮೇಲಿದ್ದು ಡೀಸೆಲ್ ವಾಸನೆ ಬಂದರೆ ಪಂಪ್ ಅಥವಾ ನಾಝಲ್ ಲೀಕ್. ಇನ್ನು, ನೋಡುವ ದಿನವೇ ಆಯಿಲ್ ಹೊಚ್ಚ ಹೊಸದಾಗಿದ್ದರೆ ಖುಷಿಪಡುವ ಮುಂಚೆ ಹಳೇ ಆಯಿಲ್ ಹೇಗಿತ್ತು ಅಂತ ಯೋಚಿಸಬೇಕು. ಗೇರ್‌ಬಾಕ್ಸ್ ಆಯಿಲ್ ಸುಟ್ಟ ವಾಸನೆ ಬರುತ್ತಾ ಅಂತ ನೋಡೋದನ್ನು ಬಹಳ ಜನ ಮರೆಯುತ್ತಾರೆ. ಬೊಡ್ಡೆಗೆ ಪ್ರೊಪೆಲ್ಲರ್ ಬಡಿದು ಶಾಫ್ಟ್ ಬಾಗಿದ ಬೋಟ್‌ನಲ್ಲಿ ಪೆಟ್ಟು ತಿನ್ನೋದು ಅದೇ.

ಉಪ್ಪುನೀರಿನ ಇತಿಹಾಸ

ಕರಾವಳಿಯಿಂದ ತರುವ ಬೋಟ್‌ಗಳಲ್ಲಿ ಮುಖ್ಯವಾದ ಪ್ರಶ್ನೆ ಇದು: ಇಂಜಿನ್ ತಣಿಯುತ್ತಿದ್ದುದು ಯಾವ ನೀರಿನಿಂದ? ಸಮುದ್ರದ ನೀರನ್ನೇ ನೇರ ಬ್ಲಾಕ್ ಒಳಗೆ ಹರಿಸುವ ವ್ಯವಸ್ಥೆ ಇದ್ದರೆ ಉಪ್ಪು ಒಳಗಿನಿಂದಲೇ ಕಬ್ಬಿಣ ತಿಂದಿರುತ್ತೆ. ಹೊರಗಿನ ಬಣ್ಣಕ್ಕೆ ಅದು ಕಾಣಲ್ಲ. ರೇಡಿಯೇಟರ್ ಹಾಗೆ ಒಳಗೆ ಸಿಹಿನೀರು, ಕೂಲೆಂಟ್ ಸುತ್ತಿಸಿ ಅದನ್ನು ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಸಮುದ್ರದ ನೀರಿನಿಂದ ತಣಿಸುವ ಇಂಜಿನ್ ಆದರೆ ಆಯಸ್ಸು ಹೆಚ್ಚು. ಅದರಲ್ಲೂ ಹೀಟ್ ಎಕ್ಸ್‌ಚೇಂಜರ್ ಮುಚ್ಚಳ ಬಿಚ್ಚಿಸಿ ನೋಡಬೇಕು.

ಎಕ್ಸಾಸ್ಟ್ ಎಲ್ಬೋ ಅನ್ನುವ ಮೊಣಕೈ ಆಕಾರದ ಭಾಗ ಇನ್ನೊಂದು. ಬಿಸಿ ಹೊಗೆ ಮತ್ತು ನೀರು ಸೇರುವ ಜಾಗ ಅದು. ತುಕ್ಕು ತೂತು ಮಾಡಿದರೆ ನೀರು ಹಿಮ್ಮುಖವಾಗಿ ಸಿಲಿಂಡರ್‌ಗೇ ಇಳಿಯಬಹುದು. ಸಿಹಿನೀರಿಗೆ ಬಂದ ಮೇಲೆ ತುಕ್ಕಿನ ವೇಗ ಕಡಿಮೆಯಾಗುತ್ತೆ ನಿಜ, ಆದರೆ ಆಗಲೇ ತಿಂದು ಹೋದ ಲೋಹ ವಾಪಸ್ ಬರಲ್ಲ.

ಗಂಟೆ ಮೀಟರ್ ಬಗ್ಗೆ ಎರಡು ಮಾತು. ಬೋಟ್‌ಗೆ ಕಿಲೋಮೀಟರ್ ಲೆಕ್ಕ ಇಲ್ಲ, ಗಂಟೆ ಲೆಕ್ಕ. ಆ ಮೀಟರ್ ಬದಲಿಸುವುದು, ವೈರ್ ಕಿತ್ತಿಡುವುದು ಕಷ್ಟದ ಕೆಲಸವೇನಲ್ಲ. ಅದಕ್ಕಿಂತ ಮುಖ್ಯ, ಕಡಿಮೆ ಗಂಟೆ ಅಂದರೆ ಒಳ್ಳೆ ಇಂಜಿನ್ ಅಂತಲ್ಲ. ಮೂರು ವರ್ಷ ದಡದಲ್ಲಿ ಮಲಗಿದ ಇಂಜಿನ್‌ನಲ್ಲಿ ರಿಂಗ್ ಅಂಟಿಕೊಂಡಿರುತ್ತೆ, ಸೀಲ್ ಒಣಗಿರುತ್ತೆ, ಟ್ಯಾಂಕ್ ತಳದಲ್ಲಿ ನೀರು ಮತ್ತು ಲೋಳೆ ಕಟ್ಟಿರುತ್ತೆ. ದಿನಾ ಓಡಿದ, ಆಯಿಲ್ ಚೇಂಜ್ ಮಾಡಿದ ಬಿಲ್ ಇಟ್ಟಿರುವ ಇಂಜಿನ್ ಸಾವಿರಾರು ಗಂಟೆ ಕಂಡಿದ್ದರೂ ಇದಕ್ಕಿಂತ ವಾಸಿ. ಹೊಳೆಬಾಗಿಲಿನ ಲಾಂಚ್‌ಗಳೂ ಸೇರಿ ಕೆಲಸವಿಲ್ಲದೆ ಕಟ್ಟಿಹಾಕಿದ ಯಾವ ಬೋಟ್‌ಗಾದರೂ ಈ ಮಾತು ಅನ್ವಯ. ಅವುಗಳನ್ನು ಪ್ರವಾಸೋದ್ಯಮಕ್ಕೆ ಬಳಸೋದೇ ಆದರೆ ಬೇಗ ಬಳಸಬೇಕು, ಇಲ್ಲವಾದರೆ ನಡುನಡುವೆ ಲೋಡ್ ಮೇಲೆ ಓಡಿಸುತ್ತಿರಬೇಕು.

ಕಾಗದ ಇಲ್ಲದ ಬೋಟ್

ಒಳನಾಡು ಹಡಗುಗಳ ಕಾಯ್ದೆ 2021 ಪ್ರಕಾರ ಯಂತ್ರಚಾಲಿತ ಬೋಟ್‌ಗೆ ರಿಜಿಸ್ಟ್ರೇಷನ್, ಸರ್ವೆ ಸರ್ಟಿಫಿಕೇಟ್, ವಿಮೆ ಬೇಕು. ಮೀನುಗಾರಿಕೆ ಬೋಟ್‌ನ ಹಳೇ ಕಾಗದ ತೋರಿಸಿ ಜನರನ್ನು ಕೂರಿಸಿಕೊಂಡು ಹೋಗಲು ಬರಲ್ಲ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮುಳುಗಿ 22 ಜನರನ್ನು ಬಲಿ ಪಡೆದದ್ದು ಮೀನುಗಾರಿಕೆ ಬೋಟ್ ಅನ್ನು ಪ್ರವಾಸಿ ಬೋಟ್ ಆಗಿ ಮಾರ್ಪಡಿಸಿದ್ದು. ಅಲ್ಲಿ ತುಂಬಿದ್ದು ಮಿತಿ ಮೀರಿದ ಜನ, ಇಂಜಿನ್ ದೋಷವಲ್ಲ. ಆದರೂ ಸರ್ವೆ ಅನ್ನೋದನ್ನು ಕಚೇರಿ ಅಲೆದಾಟ ಅಂತ ನೋಡುವವರು ಆ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಸರ್ವೆಯರ್ ಬಂದಾಗ ಇಂಜಿನ್, ಬೋಟ್ ಎರಡೂ ಮೂರನೇ ಕಣ್ಣಿಗೆ ಬೀಳುತ್ತವೆ. ಖರೀದಿದಾರನಿಗೆ ಅದೇ ಲಾಭ.

ತುಂಗಾ ಹಿನ್ನೀರಿನಲ್ಲಿ ಇನ್ನೊಂದು ಸಂಗತಿ ಸೇರುತ್ತೆ. ಗಾಜನೂರು ಡ್ಯಾಂನಿಂದ ಹರಿಯುವ ನೀರೇ ಶಿವಮೊಗ್ಗದ ನಲ್ಲಿಗೂ ಬರೋದು. ಆಯಿಲ್ ಸೋರುವ ಇಂಜಿನ್ ಅಲ್ಲಿ ಬರೀ ಮಾಲೀಕನ ಖರ್ಚಲ್ಲ. ಬೋಟ್ ತಳದಲ್ಲಿ ನಿಂತ ನೀರಿನ ಮೇಲೆ ಎಣ್ಣೆ ಪದರ ಇದೆಯಾ ಅಂತ ಟಾರ್ಚ್ ಬಿಟ್ಟು ನೋಡೋಕೆ ಒಂದು ನಿಮಿಷ ಸಾಕು.

ಯಾವಾಗ ಹೋಗಬೇಕು?

ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ ನಿಷೇಧ. ಬೋಟ್‌ಗಳು ದಡ ಸೇರೋದು, ರಿಪೇರಿ, ಮಾರಾಟದ ಮಾತುಕತೆ ಎಲ್ಲಾ ಆಗಲೇ. ತಳ, ಶಾಫ್ಟ್, ಪ್ರೊಪೆಲ್ಲರ್ ಕಣ್ಣಿಗೆ ಕಾಣುವ ಸಮಯವೂ ಅದೇ. ಆದರೆ ಆಗ ನೀರಿಗಿಳಿಸಿ ಫುಲ್ ಆರ್‌ಪಿಎಂನಲ್ಲಿ ಓಡಿಸಿ ನೋಡಲು ಆಗಲ್ಲ. ಬೋಟ್‌ಗೆ ನಿಜವಾದ ಪರೀಕ್ಷೆ ಅಂದರೆ ಲೋಡ್ ಮೇಲೆ ಕನಿಷ್ಠ 20 ನಿಮಿಷ ಓಡಿಸಿ, ಕಂಪನಿ ಹೇಳಿದ ಗರಿಷ್ಠ ಆರ್‌ಪಿಎಂ ಮುಟ್ಟುತ್ತಾ, ಟೆಂಪರೇಚರ್ ಮುಳ್ಳು ಒಂದೇ ಕಡೆ ನಿಲ್ಲುತ್ತಾ, ಬಿಸಿಯಾದ ಮೇಲೂ ಆಯಿಲ್ ಪ್ರೆಶರ್ ಹಿಡಿದಿರುತ್ತಾ ಅಂತ ನೋಡೋದು. ಹಾಗಾಗಿ ಜೂನ್‌ನಲ್ಲಿ ತಳ ನೋಡಿ ಸಣ್ಣ ಮೊತ್ತದ ಅಡ್ವಾನ್ಸ್ ಕೊಟ್ಟು, ಬಾಕಿ ಹಣ ಆಗಸ್ಟ್‌ನಲ್ಲಿ ನೀರಿನ ಮೇಲೆ ಟ್ರಯಲ್ ಆದ ಮೇಲೆ ಅಂತ ಕಾಗದದಲ್ಲಿ ಬರೆಸಿಕೊಳ್ಳೋದು ವಾಸಿ. ಟ್ರಯಲ್‌ಗೆ ಜೊತೆಯಲ್ಲಿ ಕರೆದೊಯ್ಯುವ ಮೆಕ್ಯಾನಿಕ್‌ನ ಸಂಬಳ, ಊಟ, ಬಸ್ ಚಾರ್ಜ್ ಮಾತ್ರ ಕೊಳ್ಳುವವನೇ ಕೊಡಬೇಕು, ಮಾರುವವನ ಮೆಕ್ಯಾನಿಕ್ ಬೇಡ.