ಬಿಗಿ ಚಾಕು ಮತ್ತು ನಮ್ಮ ಸ್ಕ್ರೂಡ್ರೈವರ್

ಹೊಸ ಚಪ್ಪಲಿ ಕಚ್ಚುತ್ತೆ ಅಂತ ಯಾರೂ ಅದನ್ನ ಅಂಗಡಿಗೆ ವಾಪಸ್ ಕೊಡಲ್ಲ. ನಾಲ್ಕು ದಿನ ಕುಂಟಿಕೊಂಡು ಓಡಾಡ್ತೀವಿ, ಆಮೇಲೆ ಅದು ಕಾಲಿಗೆ ಒಗ್ಗುತ್ತೆ. ಹೊಸ ಬೈಕನ್ನ ಮೊದಲ ಕೆಲವು ನೂರು ಕಿಲೋಮೀಟರ್ ಜೋರಾಗಿ ಓಡಿಸಬೇಡಿ ಅಂದ್ರೆ ಅದನ್ನೂ ಕೇಳ್ತೀವಿ. ಆದರೆ ಕೈಗೆ ಒಂದು ಹೊಸ ಮಡಚುವ ಚಾಕು ಬಂದಾಗ ಈ ತಾಳ್ಮೆಯೆಲ್ಲ ಎಲ್ಲಿ ಹೋಗುತ್ತೋ!

ಕಳೆದ ಸೆಮಿಸ್ಟರಿನಲ್ಲಿ ನಾವು ನಾಲ್ವರು ದುಡ್ಡು ಹಾಕಿ, ಪ್ರಾಜೆಕ್ಟ್ ಮಾಡೆಲ್ ಕೆಲಸಕ್ಕೆ ಅಂತ ಒಂದು ಜೇಬು ಚಾಕು ತಂದೆವು. ಎಷ್ಟು ಬಿಗಿ ಅಂದ್ರೆ ಮೊದಲ ದಿನವೇ ಇಬ್ಬರ ಉಗುರು ಮುರೀತು. ತಕ್ಷಣ ತೀರ್ಪು ಬಂತು: "ಪೀಸೇ ಸರಿ ಇಲ್ಲ ಮಗಾ." ಹಿಡಿಯೊಳಗೆ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಬೆನ್ನಿನ ಸ್ಪ್ರಿಂಗನ್ನು ಮೀಟಿದೆವು. ಆಮೇಲೆ ಚಾಕು ಸಲೀಸಾಗಿ ತೆರೆಯಿತು, ನಾವೂ ಬೀಗಿದೆವು. ಮುಂದಿನ ವಾರ ಥರ್ಮೊಕೋಲ್ ಕತ್ತರಿಸುವಾಗ ಅಲಗಿನ ತುದಿ ಸಿಕ್ಕಿಕೊಂಡಿತು. ಅಲಗು ಅಷ್ಟೇ ಸಲೀಸಾಗಿ ಮಡಚಿಕೊಂಡು ನಮ್ಮಲ್ಲೊಬ್ಬನ ತೋರುಬೆರಳ ಮೇಲೆ ಬಿತ್ತು. ಮೂರು ಹೊಲಿಗೆ. ಇಂಟರ್ನಲ್ಸ್ ಅನ್ನು ಅವನು ಬರೆದದ್ದು ಹೆಬ್ಬೆರಳು, ನಡುಬೆರಳಲ್ಲಿ ಪೆನ್ನು ಹಿಡಿದು.

ಈಗ ನಮ್ಮ ಅಭಿಪ್ರಾಯ ಇದು: ಹೊಸ ಚಾಕುವಿನ ಬಿಗಿತದಲ್ಲಿ ಹೋಗಬೇಕಾದ ಭಾಗ ಒಂದಿದೆ, ಉಳಿಯಲೇಬೇಕಾದ ಭಾಗ ಒಂದಿದೆ. ಎರಡನ್ನೂ ಬೇರೆ ಮಾಡಿ ನೋಡದೆ ಟೂಲ್ ಕೈಗೆತ್ತಿಕೊಳ್ಳಬಾರದು.

ಲಾಕ್ ಇಲ್ಲದ ಈ ಬಗೆಯ ಚಾಕುವಿನಲ್ಲಿ, ತೆರೆದ ಅಲಗನ್ನು ಹಿಡಿದಿಡೋದು ಬೆನ್ನಿನ ಸ್ಪ್ರಿಂಗ್ ಒಂದೇ. ಅದರ ಒತ್ತಡ ಉಳಿಯಬೇಕು. ಹೋಗಬೇಕಾದ್ದು ಕೀಲಿನ ಘರ್ಷಣೆ: ಪಾಲಿಶ್ ಮಾಡುವಾಗ ಸೇರಿಕೊಂಡ ಪುಡಿ, ಒಣಗಿದ ಗ್ರೀಸು, ಲೋಹದ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಉಬ್ಬುತಗ್ಗು. ತೆರೆದು ಮುಚ್ಚುತ್ತಾ ಹೋದ ಹಾಗೆ ಉಬ್ಬುಗಳು ಸವೆದು ಎರಡು ಮೇಲ್ಮೈಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಇದೇ ರನ್ನಿಂಗ್-ಇನ್. ಹೊಸ ಬೈಕಿನ ಮೊದಲ ಸರ್ವಿಸಿನಲ್ಲಿ ಆಯಿಲ್ ಬದಲಿಸೋದಕ್ಕೂ ಈ ಸವೆತದ ಪುಡಿ ಒಂದು ಕಾರಣ.

"ರಾತ್ರಿಯಿಡೀ ಅರ್ಧ ತೆರೆದಿಡಿ, ಸ್ಪ್ರಿಂಗ್ ಸಡಿಲ ಆಗುತ್ತೆ" ಅನ್ನೋ ಸಲಹೆಯೂ ನಮಗೆ ಸಿಕ್ಕಿತ್ತು. ಸ್ಟ್ರೆಸ್-ಸ್ಟ್ರೈನ್ ಗ್ರಾಫ್ ನೆನಪಿಸಿಕೊಳ್ಳಿ. ಎಲಾಸ್ಟಿಕ್ ಮಿತಿಯೊಳಗೆ ಬಾಗಿದ ಸ್ಪ್ರಿಂಗ್ ಬಿಟ್ಟ ತಕ್ಷಣ ತನ್ನ ಜಾಗಕ್ಕೆ ಬರುತ್ತೆ, ಹಾಗಾಗಿ ಆ ಸಲಹೆಯಿಂದ ಲಾಭ ಇಲ್ಲ. ಮಿತಿ ದಾಟಿದರೆ ಬಾಗಿದ್ದು ಬಾಗಿದ ಹಾಗೇ ಉಳಿಯುತ್ತೆ. ನಮ್ಮ ಸ್ಕ್ರೂಡ್ರೈವರ್ ಮಾಡಿದ್ದು ಅದನ್ನೇ. ಆ ಗ್ರಾಫ್ ಬಿಡಿಸಿ ಪೂರ್ತಿ ಮಾರ್ಕ್ಸ್ ತಗೊಂಡಿದ್ದವರೂ ನಾವೇ!

ಗಾಯ ಮಾಡಿಕೊಂಡವನು ಊರಿಗೆ ಹೋದಾಗ ಅವನ ಅಜ್ಜಿ ಕೇಳಿದ್ದು ಒಂದೇ ಮಾತು: "ಒಂದು ಹನಿ ಎಣ್ಣೆ ಬಿಡಕ್ಕೆ ಏನಾಗಿತ್ತೋ ನಿಮಗೆ?" ಅಜ್ಜಿಯ ಅಡಕತ್ತರಿಯೂ ತಂದ ಹೊಸದರಲ್ಲಿ ಎರಡು ಕೈ ಹಾಕಿದರೂ ಬಗ್ಗುತ್ತಿರಲಿಲ್ಲವಂತೆ. ಈಗ ಮಾತಾಡ್ತಾ ಮಾತಾಡ್ತಾ, ಕಣ್ಣು ಹಾಯಿಸದೆ ಅಡಿಕೆ ಕತ್ತರಿಸ್ತಾರೆ.

ಎರಡನೇ ಚಾಕು ತಂದಾಗ ಅಜ್ಜಿ ಮಾತು ಕೇಳಿದೆವು. ಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಸೋಪಿನಲ್ಲಿ ಕೀಲನ್ನು ಆಡಿಸಿ ತೊಳೆದು, ಚೆನ್ನಾಗಿ ಒಣಗಿಸಿ, ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಬಿಟ್ಟೆವು. ಉಗುರಿನ ಬದಲು ಪಕ್ಕದ ರೂಮಿನವನ ಗಿಟಾರ್ ಪಿಕ್ ಬಳಸಿದೆವು. ದಿನಾ ಸಂಜೆ 50 ಸಲ ತೆರೆದು ಮುಚ್ಚೋದು, ಹೊರಬಂದ ಕಪ್ಪು ಎಣ್ಣೆಯನ್ನ ಒರೆಸೋದು, ಮತ್ತೆ ಒಂದು ಹನಿ. ಮುಚ್ಚುವಾಗ ಬೆರಳು ಅಲಗಿನ ದಾರಿಯಲ್ಲಿ ಇರಬಾರದು, ಅಷ್ಟು ಎಚ್ಚರ ಸಾಕು. ಕೊಬ್ಬರಿ ಎಣ್ಣೆ ಮಾತ್ರ ಬೇಡ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಅದು ಗಟ್ಟಿಯಾಗುತ್ತೆ; ಅಡುಗೆ ಎಣ್ಣೆಗಳು ದಿನ ಕಳೆದಂತೆ ಅಂಟಂಟಾಗುತ್ತವೆ. ಎರಡು ವಾರದಲ್ಲಿ ಒರೆಸುವ ಬಟ್ಟೆ ಕಪ್ಪಾಗೋದು ನಿಂತಿತು, ಪಿಕ್ ವಾಪಸ್ ಕೊಟ್ಟೆವು. ಅಲಗು ಮಾತ್ರ ಈಗಲೂ 'ಟಕ್' ಅಂತ ಗಟ್ಟಿಯಾಗಿ ಕೂರುತ್ತೆ.

ಎಲ್ಲ ಬಿಗಿತಕ್ಕೂ ಎಣ್ಣೆಯೇ ಮದ್ದಲ್ಲ. ಫ್ರಾನ್ಸಿನ ಒಪಿನೆಲ್ ಚಾಕುವಿಗೆ ಸಾಮಾನ್ಯವಾಗಿ ಬೀಚ್ ಮರದ ಹಿಡಿ. ತೇವ ಹೀರಿದರೆ ಮರ ಉಬ್ಬಿ ಅಲಗನ್ನು ಹಿಡಿದುಕೊಳ್ಳುತ್ತೆ. ಅದನ್ನು ಬಳಸುವವರು ಹಿಡಿಯ ಹಿಂತುದಿಯನ್ನು ಗಟ್ಟಿ ಜಾಗಕ್ಕೆ ತಟ್ಟಿ ಅಲಗನ್ನು ಹೊರಗೆ ತರುತ್ತಾರೆ. ಅಂಥ ಚಾಕುವನ್ನು ನೀರಲ್ಲಿ ಅದ್ದಿ ತೊಳೆದರೆ ಇನ್ನಷ್ಟು ಬಿಗಿಯಾಗುತ್ತೆ, ಒಣಗಲು ಬಿಡಬೇಕು.

"ದುಡ್ಡು ಕೊಟ್ಟವರು ನಾವು, ಕಂಪನಿ ಮಾಡಬೇಕಾದ ಕೆಲಸ ನಾವ್ಯಾಕೆ ಮಾಡಬೇಕು?" ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಅಲಗು ಒಂದು ಪಕ್ಕಕ್ಕೆ ಉಜ್ಜುತ್ತಿದ್ದರೆ, ನೆಟ್ಟಗೆ ಕೂರದಿದ್ದರೆ, ತೊಳೆದು ಎಣ್ಣೆ ಬಿಟ್ಟು ಎರಡು ವಾರ ಆಡಿಸಿದರೂ ಕರಕರ ಅಂದರೆ ಅದು ದೋಷವೇ. ವಾಪಸ್ ಕೊಡಿ, ಜಗಳ ಆಡಿ. ಆದರೆ ವಾಪಸ್ ಕೊಡಬೇಕು ಅಂದ್ರೂ ಚಾಕು ತಂದ ಹಾಗೇ ಇರಬೇಕಲ್ಲ? ನಾವು ಮೀಟಿ ಹಾಳು ಮಾಡಿದ್ದನ್ನ ಯಾವ ಮುಖ ಇಟ್ಟುಕೊಂಡು ವಾಪಸ್ ಕೊಡೋದು?

ನಿಮ್ಮ ರೂಮಲ್ಲೂ ಒಂದು ಬಿಗಿ ಚಾಕು ಇದ್ದರೆ, ಸ್ಕ್ರೂಡ್ರೈವರ್ ಒಳಗಿಡಿ. ಎಣ್ಣೆ ನಮ್ಮ ಹತ್ತಿರ ಇನ್ನೂ ಮುಕ್ಕಾಲು ಬಾಟಲಿ ಇದೆ, ಬಂದು ತಗೊಂಡು ಹೋಗಿ.