ಗಾಳಕ್ಕೆ ಕಟ್ಟುವ ಹುಳು

ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವ ದೇವಾಲಯವು ನಿರ್ಮಾಣವಾದಾಗ ಕಲ್ಯಾಣದ ಸಿಂಹಾಸನದಲ್ಲಿದ್ದವನು ಆರನೆಯ ವಿಕ್ರಮಾದಿತ್ಯ. ಅವನ ಮಗ ಮೂರನೆಯ ಸೋಮೇಶ್ವರನು ವಿನೋದಪ್ರಿಯ. ಅವನ ಸಂಸ್ಕೃತ ಗ್ರಂಥವಾದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಭಾಗವೇ ಇದೆ. ಯಾವ ಮೀನಿಗೆ ಯಾವ ಮೇವು, ಗಾಳ ಹಾಕುವ ಬಗೆ ಹೇಗೆ ಎಂಬುದನ್ನು ಅಲ್ಲಿ ಬಣ್ಣಿಸಲಾಗಿದೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಭಾಗವನ್ನು ಕುರಿತು ಬರೆದಿದ್ದಾರೆ.

ಸೋಮೇಶ್ವರನ ಗಾಳದ ತುದಿಯಲ್ಲಿದ್ದುದು ಮೀನು ತಿನ್ನುವ ಮೇವು. ಗರಿ ನೂಲುಗಳಿಂದ ಹುಸಿ ಹುಳುವನ್ನು ಕಟ್ಟಿ ಮೀನನ್ನು ಮರುಳುಗೊಳಿಸುವ ವಿದ್ಯೆ ಬೇರೆ. ಇಂಗ್ಲಿಷರು ಇದನ್ನು ‘ಫ್ಲೈ’ ಎಂದರು. ಆದರೆ ವಿದ್ಯೆ ಅವರಿಗಿಂತ ಬಹಳ ಹಳೆಯದು. ಮ್ಯಾಸಿಡೋನಿಯದ ಜನರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಸೇರಿಸುತ್ತಿದ್ದರೆಂದು ಏಲಿಯನ್ ಎಂಬ ರೋಮನ್ ಲೇಖಕ ಸುಮಾರು 1800 ವರ್ಷಗಳ ಹಿಂದೆಯೇ ಬರೆದಿದ್ದಾನೆ.

ಉಣ್ಣೆ, ಹುಂಜದ ಗರಿ! ಗಂಗಾವತಿಯ ಸಂತೆಯಲ್ಲಿ ಇವೆರಡಕ್ಕೂ ಬರವಿಲ್ಲ. ಆದರೂ ಹೊಸದಾಗಿ ಕಲಿಯುವವನ ಮನಸ್ಸು ಮೊದಲು ಓಡುವುದು ಬಣ್ಣದ ಕಡೆಗೆ. ಕಾಡುಕೋಳಿಯ ಕೊರಳಿನ, ಅರಗಿನ ಬಿಂದುವಿಟ್ಟಂತೆ ಹೊಳೆಯುವ ಗರಿಗಳಿಗೆ ವಿಲಾಯತಿಯ ಹವ್ಯಾಸಿಗಳು ಒಂದು ಕಾಲಕ್ಕೆ ಮುಗಿಬೀಳುತ್ತಿದ್ದರು. ದಕ್ಷಿಣದ ಕಾಡಿನ ಆ ಹಕ್ಕಿಗೆ 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ; ಅದರ ಗರಿಯನ್ನು ಆಸೆಪಡುವುದು ಅಪರಾಧಕ್ಕೆ ಕೈಚಾಚಿದಂತೆಯೇ ಸರಿ. ಮನೆಯ ಹುಂಜದ ಕೊರಳ ಗರಿ ಸಾಕು. ನವಿಲು ತಾನಾಗಿ ಉದುರಿಸಿದ ಗರಿಯ ಎರಡು ಎಳೆ ಸಿಕ್ಕರೆ ಹುಳುವಿನ ಮೈಗೆ ಅದಕ್ಕಿಂತ ಚೆಂದದ ವಸ್ತು ಬೇಡ.

ಇನ್ನು ಕೆಲಸ. ಮೇಜಿನ ಅಂಚಿಗೆ ಬಿಗಿದ ಪುಟ್ಟ ವೈಸಿನಲ್ಲಿ ಕೊಕ್ಕೆಯನ್ನು ಕಚ್ಚಿಸಿ, ಅದರ ಕಣ್ಣಿನ ಹಿಂದಿನಿಂದ ಬಾಗಿನವರೆಗೆ ನೂಲನ್ನು ಒತ್ತೊತ್ತಾಗಿ ಸುತ್ತಬೇಕು. ಬರಿಯ ಉಕ್ಕಿನ ಮೇಲೆ ಗರಿ ನಿಲ್ಲದು. ನೂಲಿನ ಹಾಸಿನ ಮೇಲೆ ನಿಲ್ಲುತ್ತದೆ. ನೂಲನ್ನು ಸಡಿಲ ಬಿಟ್ಟರೆ ಗರಿ ಗಿರ್ರನೆ ತಿರುಗುತ್ತದೆ, ಬಿಗಿದೆಳೆದರೆ ನೂಲೇ ಹರಿಯುತ್ತದೆ. ಹರಿಯುವುದಕ್ಕೆ ಒಂದು ಕೂದಲೆಳೆಯಷ್ಟು ಹಿಂದೆ ಬೆರಳು ನಿಲ್ಲಬೇಕು. ಆ ಅಳತೆಯನ್ನು ಯಾವ ಪುಸ್ತಕವೂ ಹೇಳಿಕೊಡಲಾರದು, ಹತ್ತಾರು ಸಲ ಹರಿದ ನೂಲೇ ಹೇಳಿಕೊಡಬೇಕು. ಬಳಿಕ ನವಿಲಿನ ಎಳೆಯಿಂದ ಮೈ, ಹುಂಜದ ಗರಿಯ ಎರಡು ಮೂರು ಸುತ್ತಿನಿಂದ ಕಾಲು. ಇಲ್ಲಿಯೇ ಹೊಸಬನು ಎಡವುವುದು. ಉತ್ಸಾಹದಲ್ಲಿ ಕಣ್ಣಿನವರೆಗೂ ಗರಿ ತುಂಬಿಸಿಬಿಡುತ್ತಾನೆ. ಕಡೆಯ ಗಂಟಿಗೆ ಜಾಗವಿಲ್ಲ, ದಾರ ಪೋಣಿಸಲು ಕಣ್ಣು ಕಾಣುವುದಿಲ್ಲ! ಹುಳುವೇನೋ ಮದುವೆಯ ಬಾಸಿಂಗದಂತೆ ಮೆರೆಯುತ್ತದೆ. ಮೀನು ಮಾತ್ರ ತಿರುಗಿಯೂ ನೋಡುವುದಿಲ್ಲ.

ಏಕೆಂದರೆ ಮೀನು ನೋಡುವುದು ತಾನು ದಿನವೂ ತಿನ್ನುವ ಹುಳುವಿನ ಆಕಾರವನ್ನು. ಆದ್ದರಿಂದ ಮೇಜಿಗಿಂತ ಮುಂಚೆ ಕುಳಿತುಕೊಳ್ಳಬೇಕಾದುದು ನೀರಿನ ದಡದಲ್ಲಿ. ಕುಷ್ಟಗಿಯಂತಹ ಒಣನೆಲದಲ್ಲಿದ್ದರೂ ಚಿಂತೆಯಿಲ್ಲ. ಮುಂಗಾರಿನ ಮೊದಲ ಮಳೆಗೆ ದೀಪವನ್ನು ಮುತ್ತುವ ಈಸಲು ಹುಳುವನ್ನು ಅಂಗೈ ಮೇಲಿಟ್ಟು ನೋಡಿದರೆ ಮೊದಲ ಪಾಠ ಅಲ್ಲೇ ಇದೆ. ಮುನಿರಾಬಾದಿನ ಜಲಾಶಯದಲ್ಲಿ ಬೆಸ್ತರ ಬಲೆಗೆ ಬೀಳುವ ಕಾಟ್ಲಾ ಮೀನು ಇಂತಹ ಹುಳುವಿಗೆ ಮರುಳಾಗುವುದು ಅಪರೂಪ, ಅದರ ಆಹಾರ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು. ಮಹಶೀರ್ ಹಾಗಲ್ಲ, ಹುಳುವಿಗೆ ಮೇಲೆದ್ದು ಬರುತ್ತದೆ.

ಹಾಗೆಂದು ಆನೆಗೊಂದಿಯ ಬಂಡೆಗಳ ಬಳಿಗೆ ಗಾಳ ಹಿಡಿದು ಓಡುವಂತಿಲ್ಲ. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ಹೊಳೆಯು 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಅಲ್ಲಿ ಮೊದಲು ಅರಣ್ಯ ಇಲಾಖೆಯನ್ನು ಕೇಳಬೇಕು. ಬೇರೆಡೆ ಅನುಮತಿ ದೊರೆತರೂ ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಲಗಿಸಿದರೆ, ಹಿಡಿದ ಮೀನನ್ನು ಹೆಚ್ಚು ನೋಯಿಸದೆ ಮರಳಿ ನೀರಿಗೆ ಬಿಡಬಹುದು.

ಅಲ್ಲಿಯವರೆಗೆ ಒಂದೇ ಕೊಕ್ಕೆ ಸಾಕು. ಕಟ್ಟಿದ್ದು ಕೆಟ್ಟಿತೇ? ಬ್ಲೇಡಿನಿಂದ ನೂಲು ಗರಿಗಳನ್ನು ಹೆರೆದು ತೆಗೆದು, ಅದೇ ಕೊಕ್ಕೆಯನ್ನು ಮತ್ತೆ ವೈಸಿಗೆ ಕಚ್ಚಿಸಿ, ಈ ಸಲ ಕಣ್ಣಿನ ಹಿಂದೆ ಒಂದು ಎಳ್ಳಿನಷ್ಟು ಜಾಗ ಬಿಟ್ಟು ನೂಲು ಸುತ್ತತೊಡಗಬೇಕು.